ಜುಮ್ಮೆನ್ನುವ ನಳ

ಬಚ್ಚಲಿಗೆ ಕರೆಂಟಿನ ಷವರ್ ತಂದಾಗ ಗುರುಶಾಂತ ಯಾರನ್ನೂ ಕರೆಯದೆ ವೈರು, ಸ್ವಿಚ್ಚು ಎಲ್ಲವನ್ನೂ ತಾನೇ ಜೋಡಿಸಿದ್ದ. ಬಂದವರಿಗೆಲ್ಲ ಅದನ್ನು ತೋರಿಸಿ ಬೀಗುತ್ತಿದ್ದ. ಹೀಗಾಗಿ, ಮಗಳ ಮನೆಗೆ ಬಂದಿದ್ದ ಅತ್ತೆ ನೀಲವ್ವ, "ಅಳಿಯಂದ್ರ, ಆ ಷವರಿನ ನಳ ಮುಟ್ಟಿದ್ರ ಕೈ ಜುಮ್ ಅಂತೈತ್ರಿ" ಎಂದಾಗ ಅವನಿಗೆ ನಗು ತಡೆಯಲಾಗಲಿಲ್ಲ.

"ದಿನಾ ನಾನೂ ಜಳಕಾ ಮಾಡ್ತೇನಿ, ನನಗ್ಯಾಕ ಆಗೂದಿಲ್ಲ? ಹಂಡೇದಾಗ ನೀರು ಕಾಸಿದೋರಿಗೆ ಕರೆಂಟ್ ಅಂದ್ರ ಹಂಗ ಅನಸ್ತೈತಿ, ಬಿಡ್ರಿ."

ಪಡಸಾಲೆಯಲ್ಲಿ ಕೂತಿದ್ದ ಪಕ್ಕದ ಮನೆಯವರೂ ನಕ್ಕರು. ನೀಲವ್ವ ತಲೆ ತಗ್ಗಿಸಿದಳು. ಆದರೂ ಪಟ್ಟು ಬಿಡದೆ, "ಒಮ್ಮೆ ನೋಡ್ರಿ" ಎಂದು ಮತ್ತೆ ಮತ್ತೆ ಅಂಗಲಾಚಿದಳು. ಅವಳ ಬಾಯಿ ಮುಚ್ಚಿಸಲೆಂದೇ ಗುರುಶಾಂತ ಎಲ್ಲರನ್ನೂ ಬಚ್ಚಲಿಗೆ ಕರೆದೊಯ್ದು, ಸ್ವಿಚ್ ಹಾಕಿ, ಟೆಸ್ಟರನ್ನು ನಳಕ್ಕೆ ಹಚ್ಚಿದ. ಅದರೊಳಗಿನ ಪುಟ್ಟ ದೀಪ ಕೆಂಪಗೆ ಹೊತ್ತಿತು. ಅವನು ತನ್ನ ಕಾಲು ನೋಡಿಕೊಂಡ. ರಬ್ಬರ್ ಚಪ್ಪಲಿ ಮೆಟ್ಟದೆ ಅವನು ಎಂದೂ ಬಚ್ಚಲಿಗೆ ಕಾಲಿಟ್ಟವನೇ ಅಲ್ಲ.

ಮೇನ್ ಸ್ವಿಚ್ ಆರಿಸಿದವನು ಅತ್ತೆಯ ಮುಖ ನೋಡಲಾಗದೆ ಅಡುಗೆಮನೆಗೆ ಹೋದ. "ನಿಮ್ಮವ್ವಗ ಎಷ್ಟ್ ಶಾಕ್ ಹೊಡೀತೋ ಏನೋ. ಎಲ್ಲಾರ ಮುಂದ ನಗಬಾರದಿತ್ತು" ಎಂದು ಹೆಂಡತಿ ಕಸ್ತೂರಿಯ ಬಳಿ ಗೊಣಗಿದ.

ಕಸ್ತೂರಿ ರೊಟ್ಟಿ ಬಡಿಯುತ್ತ, ತಲೆಯೆತ್ತದೆ ಹೇಳಿದಳು: "ಅವ್ವ ಆ ನಳ ಮುಟ್ಟೇ ಇಲ್ರಿ. ದಿನಾ ಶಾಕ್ ಹೊಡಿಯೂದು ನನಗ. ನಾ ಹೇಳಿದ್ರ ನೀವು ನಗತೀರಂತ ಆಕೀನ್ನ ಕರಿಸಿ ಹೇಳಿಸಿದೆ."