ಸುಬ್ಬಲಕ್ಷ್ಮಮ್ಮನವರ ಟಿ.ವಿ.

ಸಂಜೆಯ ಧಾರಾವಾಹಿ ಶುರುವಾದದ್ದೇ ತಡ, ಯೋಗಾನಂದನ ಹ್ಯಾಮ್ ರೇಡಿಯೊ ಗುಂಯ್ ಎನ್ನತೊಡಗಿತು. ಆ ಸದ್ದಿನ ಅಡಿಯಲ್ಲೆಲ್ಲೋ ಪೋರ್ಟ್‌ಬ್ಲೇರಿನ ದೇವಯ್ಯ ಅವನನ್ನು ಕರೆಯುತ್ತಿರಬೇಕು. ಎದೆಯ ಆಪರೇಷನ್ ಮುಗಿಸಿ ಮನೆಗೆ ಬಂದಿದ್ದಾರೆ, ಇವತ್ತು ಸಂಜೆ ಮಾತಾಡುತ್ತಾರೆ ಎಂದು ಇನ್ನೊಬ್ಬ ರೇಡಿಯೊ ಗೆಳೆಯ ತಿಳಿಸಿದ್ದ. ವರ್ಷಗಟ್ಟಲೆ ಗಾಳಿಯಲ್ಲೇ ಬೆಳೆದ ಸ್ನೇಹ, ಒಬ್ಬರ ಮುಖ ಒಬ್ಬರು ಕಂಡವರಲ್ಲ. ಬೇರೆ ದಿನಗಳಲ್ಲಿ ದೇವಯ್ಯನವರ ದೊಡ್ಡ ಗಂಟಲು ಆ ಗುಂಯ್‌ಗುಟ್ಟುವಿಕೆಯನ್ನು ಹೇಗೋ ಮೀರುತ್ತಿತ್ತು. ಇವತ್ತು ಆ ಗಂಟಲಿಗೆ ಶಕ್ತಿಯಿರಲಿಲ್ಲ.

ಯೋಗಾನಂದ ಹಗಲೆಲ್ಲ ಸುಲ್ತಾನ್‌ಪೇಟೆಯ ಅಂಗಡಿಯಲ್ಲಿ ಲಗ್ನಪತ್ರಿಕೆ ಮಾರಿ ಕಂಡವರ ಮದುವೆಗೆ ಊರನ್ನೇ ಕರೆಸುತ್ತಿದ್ದ. ಸಂಜೆ ಶೇಷಾದ್ರಿಪುರದ ಮನೆಗೆ ಬಂದು, ತಾನೇ ಜೋಡಿಸಿದ ಪೆಟ್ಟಿಗೆಯ ಮುಂದೆ ಕೂತು, ಕಾಣದವರನ್ನು ಕರೆಯುತ್ತಿದ್ದ.

ಗುಂಯ್ ಎಲ್ಲಿಂದ ಬರುತ್ತದೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಹಿಂದೊಮ್ಮೆ ಪುಟ್ಟ ಟ್ರಾನ್ಸಿಸ್ಟರ್ ಹಿಡಿದು ಬೀದಿಯುದ್ದಕ್ಕೂ ನಡೆದಿದ್ದ. ಪಕ್ಕದ ಮನೆಯ ಸುಬ್ಬಲಕ್ಷ್ಮಮ್ಮನವರ ಗೇಟಿನ ಮುಂದೆ ಅದು ಕಿರುಚಿಕೊಂಡಿತ್ತು. ಹೊಸ ಕಲರ್ ಟಿ.ವಿ.ಯ ಕಿತಾಪತಿ. ಆದರೆ ಕೇಳುವುದು ಹೇಗೆ? ‘ನಿನ್ನ ರೇಡಿಯೊದಿಂದಲೇ ನಮ್ಮ ಟಿ.ವಿ. ಕೆಡೋದು’ ಎಂದು ಅವರು ತಿರುಗಿಬಿದ್ದರೆ, ಬೀದಿಯವರೆಲ್ಲ ಸೇರಿ ಅವನ ತಾರಸಿಯ ಮೇಲಿನ ಏರಿಯಲ್ ತಂತಿಯನ್ನೇ ಬಿಚ್ಚಿಸಿಯಾರು. ತರಕಾರಿ ವ್ಯಾಪಾರದಲ್ಲಿ ನುರಿತ ಹೆಂಗಸು, ಅವರ ಬಾಯಿಗೆ ಸಿಕ್ಕಿ ಉಳಿದವರು ಕಡಿಮೆ.

ಇವತ್ತು ಮಾತ್ರ ಅವನು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಸುಬ್ಬಲಕ್ಷ್ಮಮ್ಮ ಟಿ.ವಿ. ಮುಂದೆ ಕಾಲು ಚಾಚಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಯೋಗಾನಂದ ಬಾಗಿಲಲ್ಲೇ ನಿಂತು, ತಡವರಿಸುತ್ತ, ಸ್ವಲ್ಪ ಹೊತ್ತು ಟಿ.ವಿ. ನಿಲ್ಲಿಸಬಹುದೇ ಎಂದು ಕೇಳಿದ. ಅವರು ಕಾಳಿನಿಂದ ಕಣ್ಣೆತ್ತಲಿಲ್ಲ.

"ದೇವಯ್ಯನೋರು ಆಸ್ಪತ್ರೆಯಿಂದ ಬಂದ್ರಾ?"

ಆ ಹೆಸರು ಇವರಿಗೆ ಹೇಗೆ ಗೊತ್ತೆಂದು ಅವನು ಬೆರಗಾದ. ಆಮೇಲೆ ಅವರೇ ಬಿಡಿಸಿ ಹೇಳಿದರು. ಟಿ.ವಿ. ತಂದ ದಿನದಿಂದ ಹೀಗೇ ಅಂತೆ. ಧಾರಾವಾಹಿಯ ಸೊಸೆ ಅಳಲು ಬಾಯಿ ತೆರೆದರೆ ಒಳಗಿಂದ ಯೋಗಾನಂದನ ದನಿ ಬರುವುದು, ದೇವಯ್ಯನವರದು ಮಾತ್ರ ಇಲ್ಲ. ಅತ್ತಲಿಂದ ಹೇಳಿದ್ದನ್ನು ತಪ್ಪಿಲ್ಲದಂತೆ ಮತ್ತೊಮ್ಮೆ ಹೇಳಿ ಖಾತ್ರಿ ಮಾಡಿಕೊಳ್ಳುವುದು ರೇಡಿಯೊದವರ ರೂಢಿ. ಹಾಗಾಗಿ ದೇವಯ್ಯನವರ ಮಂಡಿನೋವು, ಗಾಳಿಗೆ ಬಿದ್ದ ತೆಂಗಿನಮರ, ಮೊಮ್ಮಗಳ ಮೊದಲ ಹಲ್ಲು, ಎಲ್ಲವೂ ಸುಬ್ಬಲಕ್ಷ್ಮಮ್ಮನವರಿಗೆ ಬಾಯಿಪಾಠವಾಗಿತ್ತು. ಆಪರೇಷನ್ನಿನ ದಿನ ಗವಿಗಂಗಾಧರೇಶ್ವರನಿಗೆ ಕಾಯಿ ಒಡೆಸಿಯೂ ಬಂದಿದ್ದರು.

"ಇಷ್ಟು ದಿನ ಯಾಕಮ್ಮಾ ಹೇಳ್ಲಿಲ್ಲ?" ಎಂದ ಯೋಗಾನಂದ.

"ಹೇಳಿದ್ರೆ ನೀನು ನಿಲ್ಲಿಸ್ಬಿಡ್ತಿದ್ದೆ. ಆಮೇಲೆ ಆಯಪ್ಪನ ಸಮಾಚಾರ ನನಗ್ಯಾರು ಹೇಳೋರು?"

ತೆರೆಯ ಮೇಲೆ ಅತ್ತೆ ಸೊಸೆಯ ಬೀರುವಿನ ಬೀಗಕ್ಕೆ ಕೈ ಹಾಕಿದ್ದಳು. ವಾರವಿಡೀ ಕಾದಿದ್ದ ಆ ಗಳಿಗೆಯಲ್ಲೇ ಸುಬ್ಬಲಕ್ಷ್ಮಮ್ಮ ಎದ್ದು, ಸೊಗಡು ಮೆತ್ತಿದ ಕೈಯಲ್ಲೇ ಟಿ.ವಿ. ಆರಿಸಿದರು. ಯೋಗಾನಂದ ನಾಚಿಕೊಂಡು, ಹಿಗ್ಗಿಕೊಂಡು, ಮನೆಗೆ ಓಡಿದ.

ರೇಡಿಯೊ ತಿಳಿಯಾಗಿತ್ತು. ಅದರಲ್ಲಿ ನೂಲಿನಷ್ಟು ಸಣ್ಣಗೆ ಒಂದು ದನಿ: "ಇದೀನಪ್ಪಾ ಯೋಗಿ, ಇನ್ನೂ ಇದೀನಿ. ಓವರ್."

ರೂಢಿಯಂತೆ ಅದನ್ನು ತಿರುಗಿ ಹೇಳಬೇಕು. ಅವನು ಮೈಕಿನ ಗುಂಡಿ ಒತ್ತಿದ. ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಕಾಂಪೌಂಡಿನ ಆಚೆಯ ಕಿಟಕಿ ತೆರೆಯಿತು.

"ಏನಂದ್ರಪ್ಪಾ? ಟಿ.ವಿ. ಆರಿಸ್ಬಿಟ್ಟು ಕೂತಿದೀನಿ, ನನಗೇನೂ ಕೇಳಿಸ್ತಿಲ್ಲ. ಒಸಿ ಜೋರಾಗಿ ಹೇಳು."