ಏಳರಲ್ಲೊಂದು ಪಾಲು

ಕ್ಯಾಜಿಟನ್ ಸತ್ತ ಸುದ್ದಿ ಮಂಗಳೂರಿನ ಮಠಕ್ಕೆ ಮುಟ್ಟಿದ್ದು 1987ರ ಒಂದು ಸೋಮವಾರ. ತೋಟಕ್ಕೆ ನೀರು ಬಿಡುತ್ತಿದ್ದ ಅವನ ಅಣ್ಣ ಬ್ರದರ್ ರಾಫೆಲ್ ಕೈ ಒರೆಸಿಕೊಂಡು ಫೋನ್ ಹಿಡಿದರು. ಎದೆನೋವು ಬಂತು, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿಯಿತು ಎಂದ ಇನ್ನೊಬ್ಬ ತಮ್ಮ ಅಗಸ್ಟಿನ್. ಆಮೇಲೆ ದನಿ ತಗ್ಗಿಸಿದ.

"ಅಣ್ಣಾ, ಅವನು ಬಿದ್ದಿದ್ದು ಬಾಳ್ಳುಪೇಟೆಲಿ. ಸುಮಿತ್ರಮ್ಮ ಅನ್ನೋಳ ಮನೆ ಜಗಲಿ ಮೇಲೆ."

"ಅಲ್ಲೇನು ಕೆಲಸ ಅವನಿಗೆ?"

"ಯಾರಿಗೆ ಗೊತ್ತು? ಹಾಸನಕ್ಕೆ ಹೋಗ್ತೀನಿ ಅಂತ ಹೆಂಡತಿಗೆ ಹೇಳಿ ಹೊರಟಿದ್ದ."

ತಮ್ಮೂರು ಹೆಗ್ಗದ್ದೆಯಲ್ಲಿ ಮಣ್ಣು ಮಾಡಿ ಬಂದ ಸಂಜೆ, ಸತ್ತವನ ಅಂಗಿಯ ಜೇಬಿನಿಂದ ಒಂದು ಕಾಗದ ಹೊರಬಿತ್ತು. ಅಂಚಿನಲ್ಲಿ ಸಾಲು ತೂತುಗಳಿದ್ದ ಕಂಪ್ಯೂಟರ್ ಕಾಗದ. ಸಕಲೇಶಪುರದಲ್ಲಿ ಕಾಫಿ ಇಳುವರಿಯ ಅಂಕಿಅಂಶ ನೋಡುವ ಕಚೇರಿಯೊಂದರಲ್ಲಿ ಕ್ಯಾಜಿಟನ್‌ಗೆ ಕೆಲಸ. ಕಾಗದದಲ್ಲಿ ಒಂದೇ ಸಾಲು: ಹೆಗ್ಗದ್ದೆ ಎಸ್ಟೇಟ್, ತಲಾ ಪಾಲು 0.143.

ಎಸ್ಟೇಟನ್ನು ಪಾಲು ಮಾಡುವ ಹೊಣೆಯನ್ನು ಅಪ್ಪ ಕ್ಯಾಜಿಟನ್‌ಗೆ ವಹಿಸಿ ಕಣ್ಣು ಮುಚ್ಚಿದ್ದರು. ಹಕ್ಕುದಾರರು ಆರು ಮಂದಿ. ಅಗಸ್ಟಿನ್ ಲಕೋಟೆಯ ಹಿಂದೆ ಭಾಗಾಕಾರ ಮಾಡಿದ.

"ಆರು ಪಾಲಾದ್ರೆ ಪಾಯಿಂಟ್ ಒಂದು ಆರು ಏಳು ಬರಬೇಕು. ಇದು ಕಮ್ಮಿ ಐತೆ. ಇನ್ಯಾರಿಗೋ ಕೊಟ್ಟಿದ್ದಾನೆ."

"ಇನ್ಯಾರಿಗೋ ಅಲ್ಲ ಕಣೋ," ಎಂದಳು ತಂಗಿ ರೋಸಲಿನ್. "ಬಾಳ್ಳುಪೇಟೆಗೆ."

ಕ್ಯಾಜಿಟನ್‌ನ ಹೆಂಡತಿ ಬ್ಲಾಂಚ್ ಎದ್ದು ಒಳಗೆ ಹೋದಳು.

ಆ ಸಂಜೆಯ ಜಪಮಾಲೆಗೆ ರಾಫೆಲ್ ಮುಂದಾಳು. ಕೊನೆಯಲ್ಲಿ ಸತ್ತವನ ಶಾಂತಿಗಾಗಿ ಬೇಡಬೇಕು. ಅಲ್ಲಿಗೆ ಬಂದಾಗ ಅವರ ನಾಲಿಗೆ ಏಳಲಿಲ್ಲ. ಆ ಹುಡುಗನ ಪುಟ್ಟ ಕೈ ಹಿಡಿದು ಶಿಲುಬೆಯ ಗುರುತು ಹಾಕಲು ಕಲಿಸಿದವರು ಅವರೇ. ಅವನು ಇನ್ನೊಂದು ಮನೆ ಮಾಡಿಕೊಂಡು, ಪಾಪನಿವೇದನೆಯನ್ನೂ ಮಾಡದೆ ಹೋಗಿಬಿಟ್ಟನೆ? ದೇವರ ಮುಂದೆ ಅವನ ಹೆಸರು ಹಿಡಿದು ಏನೆಂದು ಬೇಡುವುದು? ಉಳಿದವರು ತಾವೇ ಪ್ರಾರ್ಥನೆ ಮುಗಿಸಿದರು.

ಮರುದಿನ ರಾಫೆಲ್ ಕಾಗದ ಹಿಡಿದು ಕಚೇರಿಗೆ ಹೋದರು. ಕ್ಯಾಜಿಟನ್‌ನ ಕೈಕೆಳಗೆ ಕೆಲಸ ಮಾಡುತ್ತಿದ್ದ ಪಂಕಜಾಕ್ಷಿ ಯಂತ್ರದ ಮುಂದೆ ಕುಳಿತು ಸಂಖ್ಯೆಯನ್ನು ಒತ್ತಿದಳು.

"ದಶಾಂಶವನ್ನ ಭಿನ್ನರಾಶಿ ಮಾಡೋ ಪ್ರೋಗ್ರಾಂ ಇದು, ಬ್ರದರ್. ಸಾರೇ ಬರೆದಿದ್ದು. ಛೇದ ಎರಡು, ಮೂರು, ನಾಲ್ಕು ಅಂತ ಒಂದೊಂದೇ ಇಟ್ಟು ನೋಡುತ್ತೆ. ಯಾವುದು ತೀರ ಹತ್ತಿರ ಬರುತ್ತೋ ಅಲ್ಲಿ ನಿಲ್ಲುತ್ತೆ."

ಅದು ನಿಂತಿತು. 1/7.

"ಬೇರೆ ಏನೂ ಆಗಿರಲಾರದೇನಮ್ಮ?"

"ಸಾವಿರದಲ್ಲಿ ನೂರ ನಲವತ್ತಮೂರು ಅಂತಾನೂ ಬರೀಬೌದು. ಆದ್ರೆ ಆಸ್ತೀನ ಯಾರು ಸಾವಿರ ಪಾಲು ಮಾಡ್ತಾರೆ?" ಅವಳು ಯಂತ್ರದಿಂದ ಇತ್ತ ತಿರುಗಿದಳು. "ಮೂರು ತಿಂಗಳಿಂದ ಇದರ ಹಿಂದೇ ಬಿದ್ದಿದ್ರು. 'ಅಲ್ಲಿ ದಶಾಂಶ ನಡೆಯಲ್ಲ ಕಣಮ್ಮ' ಅಂತಿದ್ರು. ಎಲ್ಲಿ ಸಾರ್ ಅಂದ್ರೆ ನಕ್ಕುಬಿಡೋರು."

ರಾಫೆಲ್ ಬಾಳ್ಳುಪೇಟೆಯ ಬಸ್ಸು ಹತ್ತಿದರು.

ಬಾಗಿಲು ತೆರೆದ ಹೆಂಗಸಿಗೆ ನಲವತ್ತರ ಆಸುಪಾಸು. ಬಿಳಿಯ ನಿಲುವಂಗಿಯನ್ನು ನೋಡಿದ್ದೇ ಅವಳ ಕಣ್ಣು ತುಂಬಿತು.

"ನೀವು ರಾಫೆಲ್ ಅಲ್ವ್ರಾ? ಬಂದಾಗೆಲ್ಲ ನಿಮ್ ಮಾತೇ ಆಡೋರು."

"ಅವನು ಇಲ್ಲಿಗೆ ಯಾಕಮ್ಮ ಬರುತ್ತಿದ್ದ?"

"ಬೀದೀಲಿ ನಿಂತು ಆಡೋ ಮಾತಲ್ಲ ಕಣ್ರೀ. ಒಳಕ್ಕೆ ಬನ್ನಿ."

ಒಳಗೆ ಮಂಚದ ಮೇಲೆ ಒಬ್ಬ ಮುದುಕ ದಿಂಬಿಗೆ ಒರಗಿ ಕುಳಿತಿದ್ದ. ತೊಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಛಾಪಾಕಾಗದ. ಆಸ್ತಿಪತ್ರ ಬರೆಯುವ ಸಿದ್ದಬಸಪ್ಪ, ಸುಮಿತ್ರಮ್ಮನ ತಂದೆ. ಲಕ್ವ ಹೊಡೆದು ಕಾಲು ಬಿದ್ದ ಮೇಲೆ ಮನೆಯಲ್ಲೇ ಪತ್ರ ಬರೆಯುತ್ತಿದ್ದ.

"ಹದಿನೆಂಟು ಸರ್ವೆ ನಂಬ್ರು," ಎಂದ ಮುದುಕ. "ಎಲ್ಲಾನೂ ಪಾಯಿಂಟಲ್ಲಿ ತಂದಿದ್ರು ನಿಮ್ ತಮ್ಮ. ಪತ್ರದಾಗೆ ಪಾಯಿಂಟು ಗೀಯಿಂಟು ನಡಿಯಾಕಿಲ್ಲ ಮಾರಾಯ, ಭಿನ್ನದಾಗೆ ತತ್ತಾ ಅಂದೆ. ಒಂದೊಂದನ್ನೇ ಮಾಡಿಸ್ಕೊಂಡು ಬಂದ್ರು ಪಾಪ. ಕಡೇದನ್ನ ತಂದ ದಿನಾನೇ ಹೋಗ್ಬುಟ್ರು."

"ಗುಟ್ಟು ಯಾಕೆ?"

"ಏಳನೇಯೋರಿಗೆ ಗೊತ್ತಾದ್ರೆ ಬ್ಯಾಡ ಅಂತಾರೆ, ರಿಜಿಸ್ಟ್ರು ಆಗೋಗಂಟ ಯಾರತ್ರಾನೂ ಬಾಯಿ ಬುಡಬ್ಯಾಡಿ ಅಂದಿದ್ರು."

ರಾಫೆಲ್ ಪಕ್ಕದಲ್ಲಿದ್ದ ಪಾಲುಪತ್ರದ ಕರಡನ್ನು ಕೈಗೆ ತೆಗೆದುಕೊಂಡರು. ಆರು ಹೆಸರುಗಳನ್ನು ಬೆರಳಿಟ್ಟು ದಾಟಿದರು. ಏಳನೆಯದರ ಮೇಲೆ ಬೆರಳು ನಿಂತಿತು.

ಮೂವತ್ತೆಂಟು ವರ್ಷಗಳ ಹಿಂದೆ, ಮಠ ಸೇರುವ ದಿನ, ತನಗೆ ಪಾಲು ಬೇಡವೆಂದು ಸಹಿ ಹಾಕಿ ಹೊರಟುಹೋಗಿದ್ದ ಹಿರಿಯ ಮಗ ರಾಫೆಲ್.

ಅವರು ಮಂಚದ ಪಕ್ಕದಲ್ಲೇ ಮೊಣಕಾಲೂರಿದರು. ಪ್ರಭುವೇ, ಸಂಶಯಪಟ್ಟವನು ನಾನು, ನನ್ನನ್ನು ಕ್ಷಮಿಸು. ನನ್ನ ತಮ್ಮ ಕ್ಯಾಜಿಟನ್‌ನ ಆತ್ಮಕ್ಕೆ ನಿನ್ನ ಬಳಿ ಶಾಂತಿಯನ್ನು ದಯಪಾಲಿಸು.