ಕಲ್ಲಾದ ರಾಜಕುಮಾರ

ಕಾಡುಗಳೆಲ್ಲ ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ ಒಬ್ಬ ರಾಜಕುಮಾರನಿದ್ದನಂತೆ. ಯಕ್ಷಿಯ ಶಾಪಕ್ಕೆ ಮೊದಲು ಅವನ ಬೆರಳು ಕಲ್ಲಾದವು, ಆಮೇಲೆ ಕಾಲು, ಕೊನೆಗೆ ನಾಲಿಗೆ. ಅಜ್ಜಿ ನನ್ನನ್ನು ಮಲಗಿಸುತ್ತಿದ್ದುದೇ ಈ ಕಥೆ ಹೇಳಿ.

ಈಗ ಅಪ್ಪನ ಕೈಕಾಲು ಸೋಲುತ್ತಿವೆ, ಮಾತು ತೊದಲುತ್ತಿದೆ. ಡಾಕ್ಟರ ಹತ್ತಿರ ಏನನ್ನೂ ಮುಚ್ಚಿಡುವುದಿಲ್ಲ ಎಂದು ಮಗನಿಗೆ ಮಾತು ಕೊಟ್ಟೇ ಅಜ್ಜಿ ಜೊತೆಗೆ ಬಂದಿದ್ದಳು.

"ಇದು ಮೋಟಾರ್ ನ್ಯೂರಾನ್ ಕಾಯಿಲೆ. ವಂಶದಲ್ಲಿ ಬಂದಿದ್ರೆ ಜೀನ್ ಪರೀಕ್ಷೆ ಮಾಡಿಸೋಣ. ಅದರಲ್ಲಿ ಒಂದು ಬಗೆಯದಕ್ಕೆ ಈಗ ಔಷಧಿಯೂ ಇದೆ," ಎಂದರು ಡಾಕ್ಟರು. "ನಿಮ್ಮ ಕಡೆ ಯಾರಿಗಾದ್ರೂ ಇತ್ತಾ ಅಜ್ಜಿ?"

"ರಾಮ ರಾಮ! ಮದುವೆಗೆ ಬಂದ ಮೊಮ್ಮಗಳ ಮುಂದೆ ಎಂಥಾ ಮಾತು! ನಮ್ಮದು ಚಿನ್ನದಂಥ ಮನೆತನ."

"ಅಜ್ಜಿ ಕಥೆಯ ರಾಜಕುಮಾರನಿಗೂ ಹೀಗೇ ಆಗಿತ್ತು ಡಾಕ್ಟ್ರೇ," ಎಂದು ನಾನು ಕಥೆ ಹೇಳಿದೆ. ಅಪ್ಪ ನಕ್ಕ. ಡಾಕ್ಟರು ನಗಲಿಲ್ಲ, ಕುರ್ಚಿಯನ್ನು ಅಜ್ಜಿಯ ಹತ್ತಿರ ಎಳೆದುಕೊಂಡರು.

"ನಾಲಿಗೆ ಕಲ್ಲಾದ ಮೇಲೆ ಅವನಿಗೆ ಊಟ ಯಾರು ಮಾಡಿಸ್ತಿದ್ರು ಅಜ್ಜಿ? ಅರಮನೆ ದಾಸಿಯರಾ?"

"ದಾಸಿಯರಂತೆ!" ಅಜ್ಜಿ ಸಿಡುಕಿದಳು. "ನಾನೇ ಒಳಲೆಯಲ್ಲಿ ಗಂಜಿ ಕುಡಿಸ್ತಿದ್ದೆ. ಒಡಹುಟ್ಟಿದ ಅಣ್ಣನ್ನ ದಾಸಿಯರ ಕೈಗೆ ಬಿಡ್ತಾರೇನ್ರೀ?"